ನೀರಿಲ್ಲದ ಎರಡು ಸುತ್ತು

ಬಿಸಿನೀರಿನ ನಲ್ಲಿ ತಿರುಗಿಸಲು ತೈಮಿ ಕೈ ಹಾಕಿದ್ದಳಷ್ಟೆ, ಹಿಂದಿನಿಂದ ಬಂದ ವ್ಯವಸ್ಥಾಪಕ ಒಸ್ಸಿ ಆ ಕೈಯ ಮೇಲೆ ತನ್ನ ಕೈ ಇಟ್ಟು ಒತ್ತಿ ಹಿಡಿದ.

"ನೀರು ಬೇಡ," ಅಂದ. "ಬರೀ ಕೆರೆದು ಬಾ."

ತೈಮಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ಅನ್ನಿಸಿತು. ಕೊಸ್ಕಿಯಾರ್ವಿ ಊರಿನ ಐಸ್ ಹಾಕಿ ಅಂಗಣದಲ್ಲಿ ಇಪ್ಪತ್ತಾರು ವರ್ಷದಿಂದ ನೆಲ ನೋಡಿಕೊಳ್ಳುತ್ತಿದ್ದವಳು ಅವಳು. ಅಷ್ಟರಲ್ಲಿ ಯಂತ್ರ ಮೂರು ಬದಲಾಗಿದ್ದವು, ವ್ಯವಸ್ಥಾಪಕರು ಐದು ಜನ ಬದಲಾಗಿದ್ದರು, ಕೆಲಸ ಮಾತ್ರ ಬದಲಾಗಿರಲಿಲ್ಲ. ಮೂರು ಅವಧಿಯ ಆಟದಲ್ಲಿ ಒಂದೊಂದು ಅವಧಿ ಮುಗಿಯುತ್ತಲೂ ಯಂತ್ರ ಹತ್ತಬೇಕು. ಅದರ ಅಗಲವಾದ ಅಲಗು ಐಸಿನ ಮೇಲ್ಪದರವನ್ನು ಕೆರೆಯುತ್ತ ಹೋಗಬೇಕು, ಹಿಂದೆ ಇಳಿಬಿಟ್ಟ ಬಟ್ಟೆ ಬಿಸಿನೀರು ಸವರುತ್ತ ಬರಬೇಕು, ಆ ನೀರು ಸ್ಕೇಟುಗಳ ಗೀರಿಗೆಲ್ಲ ಇಳಿದು ಹೆಪ್ಪುಗಟ್ಟಿ ನೆಲ ಮತ್ತೆ ಕನ್ನಡಿಯಾಗಬೇಕು. ನೀರಿಲ್ಲದೆ ಕೆರೆಯುವುದೆಂದರೆ ಅಂಗಳವನ್ನು ಸಾರಿಸದೆ ಬರೀ ಗುಡಿಸಿದ ಹಾಗೆ.

"ಯಾಕೆ?" ಅಂತ ಕೇಳಿದಳು.

"ಸಂಜೆ ಏನಿದೆ ಗೊತ್ತಲ್ಲ."

"ಹಳೇ ಹುಲಿಗಳ ಪಂದ್ಯ. ಆಟ ಬಿಟ್ಟ ಗಂಡಸರದು."

"ಹ್ಞಾಂ. ಈಗಿನದಕ್ಕಿಂತ ದೊಡ್ಡ ಟಿ.ವಿ. ತಂಡ ಬರ್ತಿದೆ. ಹೊರಗೆ ನೋಡಿದ್ರೆ ಈ ಕಾಲಕ್ಕಿಲ್ಲದ ಸೆಕೆ, ಒಂಬತ್ತು ಡಿಗ್ರಿ, ಒಳಗೆ ಮೂರು ಸಾವಿರ ಜನ ಕೂತು ಉಸಿರು ಬಿಡ್ತಿದಾರೆ. ತಂಪು ಮಾಡೋ ಮೆಷಿನ್ನು ಆಗಲೇ ಏದುಸಿರು ಬಿಡ್ತಿದೆ. ಈಗ ನೀನು ನಾನೂರು ಲೀಟರ್ ಬಿಸಿನೀರು ಸುರಿದ್ರೆ ಸಂಜೆ ಹೊತ್ತಿಗೆ ನೆಲ ಮೆತ್ತಗಾಗಿ ಕೂತಿರುತ್ತೆ."

"ಈಗ ನಡೀತಿರೋದು ಫೈನಲ್ಲು ಕಣೋ. ನಾಲ್ಕು ದೇಶದ ಫೈನಲ್ಲು."

"ಅಲ್ಲ ಅಂತ ಯಾರಂದ್ರು?" ಒಸ್ಸಿ ನಕ್ಕ. ಅವನು ಕೆಟ್ಟವನಂತೆ ನಗುವವನಲ್ಲ, ಅದೇ ಅವನ ತೊಂದರೆ. "ಆದ್ರೆ ಹುಡುಗಿಯರು ಹಗುರ, ತೈಮಿ. ಅವರ ಓಡಾಟಕ್ಕೆ ಐಸ್‌ಗೆ ಏನೂ ಆಗಲ್ಲ. ಗಂಡಸರು ಬಂದಾಗ ಬೇಕಾದ್ರೆ ಎರಡು ಸಲ ನೀರು ಬಿಡು."

ಹಗುರವಂತೆ. ಆಗತಾನೇ ಮುಗಿದ ಅವಧಿಯಲ್ಲಿ ಸ್ವೀಡನ್ನಿನ ಹುಡುಗಿಯೊಬ್ಬಳು ನಮ್ಮ ಹುಡುಗಿಯನ್ನು ಕಟ್ಟೆಗೆ ತಳ್ಳಿದಾಗ ಗಾಜಿನ ಗೋಡೆ ಮೂರು ಕಂಬದಾಚೆಯವರೆಗೆ ನಡುಗಿದ್ದನ್ನು ಈ ಮಹಾರಾಯ ಎಲ್ಲಿ ನೋಡಿದ್ದಾನು, ಆಗ ಅವನು ಟಿ.ವಿ.ಯವರಿಗೆ ಕಾರು ನಿಲ್ಲಿಸುವ ಜಾಗ ತೋರಿಸುತ್ತಿದ್ದ. ಮೂರು ವರ್ಷದ ಹಿಂದಿನವರೆಗೆ ಟೈರು ಮಾರುತ್ತಿದ್ದವನು. ಐಸ್ ಅಂದರೆ ಅವನಿಗೆ ತಣ್ಣಗಿರುವ ನೆಲ, ಅಷ್ಟೇ.

ತೈಮಿ ಇದನ್ನೆಲ್ಲ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ವಿರಾಮ ಇರುವುದೇ ಹದಿನೈದು ನಿಮಿಷ, ಅದರಲ್ಲಿ ಎರಡು ಕಳೆದುಹೋಗಿತ್ತು. "ಹೋಗಲಿ ಬಿಡು" ಅಂತ ಮನಸ್ಸು ಅಂದಿತು. ಆ ಮಾತು ಅವಳ ಬಾಯಲ್ಲಿ ನಲವತ್ತು ವರ್ಷದಿಂದ ಸಿದ್ಧವಾಗಿ ಕೂತಿತ್ತು. ಅವಳು ಇಪ್ಪತ್ತರ ಹುಡುಗಿಯಾಗಿ ದೇಶದ ಮೊದಮೊದಲ ಹೆಂಗಸರ ತಂಡದಲ್ಲಿ ಗೋಲು ಕಾಯುತ್ತಿದ್ದಾಗ, ಅವರಿಗೆ ಸಿಗುತ್ತಿದ್ದುದು ಗಂಡಸರೂ ಹುಡುಗರೂ ಆಡಿ ಬಿಟ್ಟ ನೆಲ, ತೊಟ್ಟು ಬಿಟ್ಟ ಅಂಗಿ. ಒಂದು ಸಲ ಐಸ್ ನೋಡಿಕೊಳ್ಳುವವನು ಹೆಂಗಸರ ಅಭ್ಯಾಸ ತಾನೇ ಅಂತ ಮನೆಗೇ ಹೋಗಿಬಿಟ್ಟಿದ್ದ, ಹುಡುಗಿಯರೇ ಬಕೆಟ್ಟಿನಲ್ಲಿ ನೀರು ಹೊತ್ತು ಹೊಯ್ದುಕೊಂಡಿದ್ದರು. ಆವತ್ತೂ ಯಾರೋ ಹೋಗಲಿ ಬಿಡು ಅಂದಿದ್ದರು. ತೈಮಿ ಈ ಕೆಲಸಕ್ಕೆ ಸೇರಿದ್ದೇ ಆ ಬಕೆಟ್ಟುಗಳನ್ನು ಮರೆಯಲಾಗದೆ.

ಆದರೂ ನಲ್ಲಿಯಿಂದ ಕೈ ತೆಗೆದಳು. ಯಂತ್ರ ಹತ್ತಿ ಬರೀ ಕೆರೆದು ಬಂದಳು. ಹಿಂದಿರುಗಿ ನೋಡಿದರೆ ನೆಲ ಕಪ್ಪಗೆ ಮಿನುಗುತ್ತಿರಲಿಲ್ಲ, ಮಂಕು ಬೂದಿಯ ಬಣ್ಣಕ್ಕೆ ತಿರುಗಿ ಬಿದ್ದುಕೊಂಡಿತ್ತು. ಆಳದ ಗೀರುಗಳೆಲ್ಲ ಹಾಗೆಯೇ ಇದ್ದವು.

ಎರಡನೇ ಅವಧಿಗೆ ಆಟಗಾರ್ತಿಯರು ಒಳಗೆ ಬಂದರು. ಎಲ್ಲರಿಗಿಂತ ಮುಂದೆ ಸೆನ್ಯಾ. ಸೆನ್ಯಾ ತೈಮಿಯ ಅಣ್ಣನ ಮಗಳು, ಇಪ್ಪತ್ತೆರಡು ವರ್ಷ. ಬೇಕರಿಯಲ್ಲಿ ನಸುಕಿಗೇ ಹೋಗಿ ರೈ ಬ್ರೆಡ್ಡಿನ ಹಿಟ್ಟು ನಾದಿ, ಮಧ್ಯಾಹ್ನ ಅಭ್ಯಾಸಕ್ಕೆ ಬರುವ ಹುಡುಗಿ. ದೇಶದ ಪರವಾಗಿ ಫೈನಲ್ಲಿನಲ್ಲಿ ಗೋಲು ಕಾಯುತ್ತಿರುವುದು ಇದೇ ಮೊದಲು, ಅದೂ ಹುಟ್ಟಿದೂರಿನಲ್ಲಿ. ಗೋಲಿನ ಬಳಿ ಬಂದವಳೇ ಎಲ್ಲ ಗೋಲ್‌ಕೀಪರುಗಳೂ ಮಾಡುವಂತೆ ಮುಂದಿನ ನೀಲಿ ಅರ್ಧವೃತ್ತವನ್ನು ಸ್ಕೇಟಿನ ಅಲಗಿನಿಂದ ಎಡಕ್ಕೂ ಬಲಕ್ಕೂ ಉಜ್ಜತೊಡಗಿದಳು. ಹೊಸ ಐಸ್ ಕಾಲಿಗೆ ಜಾರದಿರಲಿ ಅಂತ ಅದನ್ನು ಒರಟು ಮಾಡಿಕೊಳ್ಳುವುದು. ಎರಡು ಸಲ ಉಜ್ಜಿ ನಿಲ್ಲಿಸಿದಳು. ಅಲ್ಲಿ ಒರಟು ಮಾಡಲು ಉಳಿದಿದ್ದೇನು? ತಲೆ ಎತ್ತಿ ಯಂತ್ರದ ಬಾಗಿಲ ಕಡೆ ನೋಡಿದಳು. ಮುಖವಾಡದ ಸರಳುಗಳ ಹಿಂದೆ ಅವಳ ಬಾಯಿ ಆಡಿದ್ದು ತೈಮಿಗೆ ಗಾಜಿನ ಈಚೆಯಿಂದಲೇ ಕಂಡಿತು.

"ಅತ್ತೆ, ನೀರು?"

ತೈಮಿ ಮುಖ ತಿರುಗಿಸಿ ಕಾಫಿ ಅಂಗಡಿಯ ಕಡೆ ಹೊರಟುಬಿಟ್ಟಳು.

ಕಾಫಿ ಅಂಗಡಿಯಲ್ಲಿ ಹಿಲ್ಕ ಇದ್ದಳು. ಊರಿನ ಮಕ್ಕಳ ತಂಡಕ್ಕಾಗಿ ಪುಕ್ಕಟೆ ನಿಂತು ಕಾಫಿ ಹೊಯ್ಯುವ, ಮಾಂಸದ ಕಡುಬು ಬಿಸಿ ಮಾಡಿ ಕೊಡುವ, ಎಲ್ಲರ ಸುದ್ದಿಯನ್ನೂ ಇಟ್ಟುಕೊಂಡಿರುವ ಹೆಂಗಸು. ಕೇಳದೆಯೇ ಒಂದು ಲೋಟ ಮುಂದಿಟ್ಟಳು.

"ಏನೇ, ನೀರು ಬಿಡಲಿಲ್ಲ?"

"ನಿನಗೆ ಹೇಗೆ ಗೊತ್ತಾಯ್ತು?"

"ಹಬೆ ಏಳಲಿಲ್ಲವಲ್ಲ. ಇಷ್ಟು ವರ್ಷ ಇಲ್ಲಿ ನಿಂತು ನೋಡ್ತಿದೀನಿ, ನಿನ್ನ ಯಂತ್ರದ ಹಿಂದೆ ಹಬೆ ಏಳದೆ ಇದ್ದದ್ದು ಇವತ್ತೇ. ಕೆಟ್ಟಿತಾ?"

"ಇಲ್ಲ. ಒಸ್ಸಿ ಬೇಡ ಅಂದ."

"ಅವನು ಬೇಡ ಅಂದ, ನೀನು ಹ್ಞೂಂ ಅಂದೆ," ಅಂದಳು ಹಿಲ್ಕ, ಸಾಸಿವೆ ಡಬ್ಬಿ ಒರೆಸುತ್ತ. ಲೋಟವನ್ನು ಹಾಗೆಯೇ ಬಿಟ್ಟು ತೈಮಿ ಗಾಜಿನ ಬಳಿಗೆ ಮರಳಿದಳು.

ಎರಡನೇ ಅವಧಿ ಮುಗಿಯುವ ಹೊತ್ತಿಗೆ ಎರಡು ತಂಡದ್ದೂ ಒಂದೊಂದು ಗೋಲು. ನೆಲದ ಮೇಲೆ ಪುಡಿ ಮಂಜು ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಕೂತಿತ್ತು, ಚೆಂಡಿನ ಬದಲು ಆಡುವ ಕರಿಯ ರಬ್ಬರ್ ಬಿಲ್ಲೆ ಅದರಲ್ಲಿ ಸಿಕ್ಕಿ ಸಿಕ್ಕಿ ನಿಲ್ಲುತ್ತಿತ್ತು. ಸ್ವೀಡನ್ನಿನ ತರಬೇತುದಾರ ಬಂದು ಕೂಗಾಡಿದ, ನಮ್ಮವರೂ ಬಂದು ಕೇಳಿದರು. ಒಸ್ಸಿ ಇಬ್ಬರಿಗೂ ಅದೇ ನಗುಮುಖದಲ್ಲಿ, "ನೀರು ಬಿಟ್ಟಿದೀವಿ, ಏನು ಮಾಡೋದು, ಈ ಸೆಕೆಗೆ ಹೆಪ್ಪುಗಟ್ಟಲಿಲ್ಲ," ಅಂದ. ತೈಮಿ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು.

"ಈಗಲಾದ್ರೂ ಬಿಡ್ತೀನಿ," ಅಂದಳು, ಅವರು ಹೋದ ಮೇಲೆ.

"ಬೇಡ ಅಂದೆನಲ್ಲ."

"ಬಿಲ್ಲೆ ಪುಟೀತಿದೆ ಒಸ್ಸಿ. ಯಾರಾದ್ರೂ ಬಿದ್ದು ಮಂಡಿ ಮುರ್ಕೊಂಡ್ರೆ?"

"ಇನ್ನು ಇಪ್ಪತ್ತು ನಿಮಿಷದ ಆಟ. ನಿನಗೆ ಪಿಂಚಣಿಗೆ ಇನ್ನೆಷ್ಟು ವರ್ಷ, ಎರಡಲ್ವಾ? ನೆಮ್ಮದಿಯಾಗಿ ಮುಗಿಸ್ಕೊಂಡು ಹೋಗು ತೈಮಿ. ನಿನಗ್ಯಾಕೆ ಇದೆಲ್ಲ."

ಇದು ಬೆದರಿಕೆಯೋ ಬುದ್ಧಿಮಾತೋ ಅಂತ ಯೋಚಿಸುವಷ್ಟೂ ಹೊತ್ತಿರಲಿಲ್ಲ. ಅವಳು ಎರಡನೇ ಸಲವೂ ನೀರಿಲ್ಲದೆ ಸುತ್ತಿದಳು. ಬೈದುಕೊಳ್ಳುತ್ತ ಸುತ್ತಿದಳು, ಅವನನ್ನು ಅರ್ಧ, ತನ್ನನ್ನು ಅರ್ಧ. ಆದರೆ ಸುತ್ತಿದಳು. ಈ ಸಲ ಸೆನ್ಯಾ ಬಾಗಿಲ ಕಡೆ ನೋಡಲಿಲ್ಲ.

ಆಟ ಮುಗಿಯಲು ಎರಡು ನಿಮಿಷವೂ ಉಳಿದಿರಲಿಲ್ಲ. ನಡುವಿನ ಕೆಂಪು ಗೆರೆಯ ಹತ್ತಿರ ಸ್ವೀಡನ್ನಿನ ಹುಡುಗಿಯೊಬ್ಬಳು, ದಣಿದ ಜೊತೆಯವರು ಹೊರಗೆ ಹೋಗಿ ಬೇರೆಯವರು ಬರಲಿ ಅಂತ, ಬಿಲ್ಲೆಯನ್ನು ಸುಮ್ಮನೆ ನಮ್ಮ ಗೋಲಿನ ಕಡೆ ತಳ್ಳಿದಳು. ಗೋಲಾಗಲಿ ಎಂದು ಹೊಡೆದದ್ದಲ್ಲ, ತಳ್ಳಿ ಅವಳು ಬೆನ್ನು ತಿರುಗಿಸಿಯೂ ಆಗಿತ್ತು. ಎಂಟು ವರ್ಷದ ಮಕ್ಕಳು ತಡೆಯುವಂಥ ಏಟು. ಸೆನ್ಯಾ ಬಾಗಿ ಸ್ಟಿಕ್ಕನ್ನು ಅಡ್ಡ ಇಟ್ಟಳು. ಬಿಲ್ಲೆ ನೆಲಕ್ಕೆ ಅಂಟಿಕೊಂಡು ಬಂತು, ಗೋಲಿಗೆ ಎರಡು ಮಾರು ದೂರದಲ್ಲಿ ಒಂದು ಗೀರಿಗೆ ತಗುಲಿತು, ತಟ್ಟನೆ ಅಂಚಿನ ಮೇಲೆ ಎದ್ದು ನಿಂತು, ಅವಳ ಸ್ಟಿಕ್ಕಿನ ಮೇಲಿಂದ ಕಪ್ಪೆಯಂತೆ ಹಾರಿ ಒಳಗೆ ಹೋಯಿತು.

ಮೂರು ಸಾವಿರ ಜನ ಒಟ್ಟಿಗೆ ಸುಮ್ಮನಾದರು. ಸ್ವೀಡನ್ನಿನ ಹುಡುಗಿಯರಿಗೂ ಕುಣಿಯಬೇಕೆಂದು ಹೊಳೆಯಲು ಒಂದು ಕ್ಷಣ ಬೇಕಾಯಿತು.

ತೈಮಿಯ ಪಕ್ಕದ ಸಾಲಿನಲ್ಲಿ ನೀಲಿ ಟೊಪ್ಪಿಯ ಗಂಡಸೊಬ್ಬ ಸಾಸೇಜು ಕಚ್ಚುತ್ತ ಕೂತಿದ್ದ. "ನಮ್ಮಜ್ಜಿ ನಿಂತಿದ್ರೂ ಅದನ್ನ ಹಿಡೀತಿದ್ಲು," ಅಂದ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಕಾಲುಮಣೆ ಮೇಲೆ ಕೂತ್ಕೊಂಡೇ ಹಿಡೀತಿದ್ಲು." ಸುತ್ತಲಿನವರು ನಕ್ಕರು. ತೈಮಿಗೆ ಆ ಗೀರು ಗೊತ್ತಿತ್ತು. ಮೊದಲ ಸುತ್ತಿನಲ್ಲಿ ಅದರ ಮೇಲೆ ಯಂತ್ರ ಹಾಯಿಸುವಾಗ ಕಣ್ಣಿಗೆ ಬಿದ್ದಿತ್ತು, ಎರಡನೇ ಸುತ್ತಿನಲ್ಲೂ ಬಿದ್ದಿತ್ತು. ಒಂದು ಚೊಂಬು ನೀರು ಸಾಕಿತ್ತು ಅದಕ್ಕೆ.

ಎರಡು, ಒಂದು. ಸ್ವೀಡನ್ ಗೆದ್ದಿತು.

ಕಾಫಿ ಅಂಗಡಿಯ ಗೋಡೆಯ ಮೇಲಿನ ಟಿ.ವಿ.ಯಲ್ಲಿ ಆ ಗೋಲನ್ನು ಮತ್ತೆ ಮತ್ತೆ ತೋರಿಸಿದರು. ಪ್ರತಿ ಸಲವೂ ನಿಧಾನವಾಗಿ, ಪ್ರತಿ ಸಲವೂ ಸೆನ್ಯಾಳ ಸ್ಟಿಕ್ಕಿಗೆ ಒಂದು ಸುತ್ತು ಗೆರೆ ಎಳೆದು. ವೀಕ್ಷಕ ವಿವರಣೆ ಕೊಡುವವನು, "ಏನು ಹೇಳೋದು, ಹೆಂಗಸರ ಆಟದಲ್ಲಿ ಇನ್ನೂ ಆ ಮಟ್ಟ ಬಂದಿಲ್ಲ," ಅಂದ. ಆಮೇಲೆ ಸೆನ್ಯಾಳ ಮುಖ ಬಂತು. ಕೂದಲು ಹಣೆಗೆ ಅಂಟಿತ್ತು, ಕಣ್ಣು ಕೆಂಪಾಗಿದ್ದವು. ಮೈಕು ಹಿಡಿದವಳು ಐಸ್ ಹೇಗಿತ್ತು ಅಂತ ಕೇಳಿದಳು. ಪಾಪ, ಅವಳಾದರೂ ಕೇಳಿದಳು.

"ಐಸ್ ಇಬ್ಬರಿಗೂ ಒಂದೇ," ಅಂದಳು ಸೆನ್ಯಾ. "ನಾನು ಹಿಡೀಬೇಕಿತ್ತು."

ಅಷ್ಟೇ ಮಾತು. ತೈಮಿ ಟಿ.ವಿ.ಯ ಮುಂದೆ ಹಾಗೆಯೇ ನಿಂತುಬಿಟ್ಟಳು. ಆ ಮಾತು ಸೆನ್ಯಾಳದ್ದಲ್ಲ, ತೈಮಿಯದೇ. ಹದಿನೈದು ವರ್ಷದ ಹಿಂದೆ ಊರಾಚೆಯ ಕೆರೆ ಹೆಪ್ಪುಗಟ್ಟಿದಾಗ ಏಳು ವರ್ಷದ ಸೆನ್ಯಾಳನ್ನು ಎರಡು ಬೂಟುಗಳ ನಡುವೆ ನಿಲ್ಲಿಸಿ ಬಿಲ್ಲೆ ಹೊಡೆಯುತ್ತಿದ್ದಳು. ಒಂದು ಬಿಲ್ಲೆ ಒಳಗೆ ಹೋಯಿತು, ಮಗು ಅಳುತ್ತ ಕೆರೆಗೆ ಒದೆಯಿತು, ಕೆಟ್ಟ ಐಸು ಅಂತ ಬೈಯಿತು. ತೈಮಿ ಅದನ್ನು ಎತ್ತಿ ನಿಲ್ಲಿಸಿ ಹೇಳಿದ್ದಳು: "ಐಸ್‌ನ ಬೈಬಾರದು. ನಿನ್ನ ಎದುರಿನವರಿಗೂ ಅದೇ ಐಸು. ಹೋಯ್ತಾ ಗೋಲು, ನಾನು ಹಿಡೀಬೇಕಿತ್ತು ಅನ್ನು, ಮೂಗು ಒರೆಸ್ಕೊ, ಎದ್ದು ನಿಲ್ಲು." ಗೋಲು ಕಾಯುವವರು ಒಬ್ಬರಿಗೊಬ್ಬರು ಹೇಳಿಕೊಡುವ ಮೊದಲ ಪಾಠ ಅದು. ಈಗ ಆ ಹುಡುಗಿ ಅದೇ ಪಾಠವನ್ನು ಅಡ್ಡ ಹಿಡಿದು ಇಡೀ ದೇಶದ ಎದುರು ಅತ್ತೆಯ ಮಾನ ಉಳಿಸುತ್ತಿದ್ದಳು. ನೀರು ಬಿಟ್ಟಿಲ್ಲ ಅಂತ ಅವಳಿಗೆ ಗೊತ್ತಿಲ್ಲವೇ? ಸ್ಕೇಟಿನ ಅಲಗಿಗೆ ಗೊತ್ತಾಗುವುದು ಕಣ್ಣಿಗಿಂತ ಮೊದಲು.

"ಅಳಬೇಡ ಕಣೇ," ಅಂದಳು ಹಿಲ್ಕ.

"ಅಳ್ತಿಲ್ಲ. ಸಿಟ್ಟು ಬಂದಿದೆ."

"ಹಾಗಾದ್ರೆ ಸರಿ."

ಒಸ್ಸಿ ಅವಳನ್ನು ಹುಡುಕಿಕೊಂಡು ಯಂತ್ರದ ಕೋಣೆಗೇ ಬಂದ. ಕೈಯಲ್ಲಿ ಐಸಿನ ಲೆಕ್ಕದ ಹಾಳೆ. ದೇಶ ದೇಶಗಳ ಪಂದ್ಯವಾದರೆ ಈ ಹಾಳೆ ತುಂಬಲೇಬೇಕು: ಯಾವ ವಿರಾಮದಲ್ಲಿ ಎಷ್ಟು ಲೀಟರ್ ನೀರು, ನೀರು ಎಷ್ಟು ಬಿಸಿ, ನೆಲ ಎಷ್ಟು ತಣ್ಣಗೆ. ಕೆಳಗೆ ಐಸ್ ಕಾಯುವವರ ಸಹಿ. ಅದನ್ನು ಪಂದ್ಯಾವಳಿಯ ಮೇಲ್ವಿಚಾರಕಿಗೆ ಒಪ್ಪಿಸಬೇಕು. ಇಪ್ಪತ್ತಾರು ವರ್ಷದಲ್ಲಿ ಆ ಹಾಳೆಯ ಮೇಲೆ ತೈಮಿಯ ಅಕ್ಷರವಲ್ಲದೆ ಬೇರೆಯವರ ಅಕ್ಷರ ಬಿದ್ದಿರಲಿಲ್ಲ. ಈಗ ಬಿದ್ದಿತ್ತು. ಮೊದಲ ವಿರಾಮ, ನಾನೂರು ಲೀಟರ್. ಎರಡನೇ ವಿರಾಮ, ನಾನೂರು ಲೀಟರ್. ಚೆಂದವಾಗಿ, ದುಂಡಗೆ ಬರೆದಿದ್ದ.

"ನಿನಗೆ ಸುಸ್ತಾಗಿರುತ್ತೆ ಅಂತ ನಾನೇ ತುಂಬಿದೆ," ಅಂದ. "ಇಲ್ಲೊಂದು ಸಹಿ ಹಾಕು."

ತೈಮಿ ಕೈಗವಸು ಬಿಚ್ಚಿದಳು. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ಲನ್ನು ತೆಗೆದು, ಬೇಡವೆಂದು ಪಕ್ಕಕ್ಕಿಟ್ಟು, ಅವನ ಜೇಬಿನಿಂದಲೇ ಪೆನ್ನು ಕಿತ್ತುಕೊಂಡಳು. ಎರಡು ನಾನೂರನ್ನೂ ಒಂದೊಂದು ಗೆರೆಯಲ್ಲಿ ಹೊಡೆದು ಹಾಕಿ ಪಕ್ಕದಲ್ಲಿ ಸೊನ್ನೆ ಬರೆದಳು. ಕೆಳಗೆ ಖಾಲಿ ಜಾಗವಿತ್ತು. ಅಲ್ಲಿ ನಿಧಾನವಾಗಿ ಬರೆದಳು: ವ್ಯವಸ್ಥಾಪಕರು ನೀರು ಬೇಡವೆಂದರು. ನಾನು ಒಪ್ಪಿಕೊಂಡೆ. ನೆಲ ಆಟಕ್ಕೆ ಯೋಗ್ಯವಾಗಿರಲಿಲ್ಲ. ಕೊನೆಯ ಗೋಲು ಹೋದದ್ದು ಗೀರಿನಿಂದ, ಗೋಲ್‌ಕೀಪರಿನಿಂದಲ್ಲ. ಆಮೇಲೆ ಸಹಿ.

ಒಸ್ಸಿಯ ನಗು ಈಗ ಹೋಗಿತ್ತು. "ನಿನಗೆ ತಲೆ ಕೆಟ್ಟಿದೆಯಾ? ಯಂತ್ರದ ಮೇಲೆ ಕೂತಿದ್ದೋಳು ನೀನು. ಕೆಡೋದು ನಿನ್ನ ಹೆಸರು."

"ಕೆಡಲಿ. ಕೆಡೋ ಕೆಲಸ ತಾನೇ ಮಾಡಿದ್ದು."

"ಅಣ್ಣನ ಮಗಳು ಅಂತ ಹೀಗೆಲ್ಲ ಬರೆದಿದೀಯ ಅಂತಾರೆ ಜನ."

"ಅನ್ನಲಿ. ಅವಳ ಕಾಲಡಿಗೆ ನೀರಿಲ್ಲದ ನೆಲ ಹಾಸಿದ್ದೂ ನಾನೇ ಅಲ್ವಾ, ಆಗ ಯಾರ ಮಗಳು ಅಂತ ನೆನಪಾಗಲಿಲ್ಲ ನನಗೆ. ಹಗುರ ಅಂದೆಯಲ್ಲೋ ನೀನು. ಅವರು ಹಗುರ ಅಂತ ಒಂದು ಚೊಂಬು ನೀರು ಉಳಿಸಿದೆ, ಈಗ ಆ ಗೋಲಿನ ಭಾರಾನೆಲ್ಲ ಅವಳೊಬ್ಬಳ ತಲೆ ಮೇಲೆ ಹೊರಿಸಿ ನೀನು ನಗ್ತಾ ಓಡಾಡ್ತಿದೀಯ. ನಾನೂ ಸುಮ್ಮನಿದ್ದರೆ ನನಗೂ ನಿನಗೂ ಏನು ವ್ಯತ್ಯಾಸ?"

ಅವನು ಹಾಳೆಗೆ ಕೈ ಚಾಚಿದ. ತೈಮಿ ಅದನ್ನು ಮಡಿಸಿ ಎದೆಯ ಜೇಬಿಗೆ ಹಾಕಿಕೊಂಡು ಅವನನ್ನು ದಾಟಿ ನಡೆದಳು.

ಮೇಲ್ವಿಚಾರಕಿ ಬ್ಲಾಜೆನಾ ಚೆಕ್ ದೇಶದವಳು, ಬಿಳಿ ಕೂದಲಿನ ಗಟ್ಟಿ ಹೆಂಗಸು, ತನ್ನ ಕಾಲದಲ್ಲಿ ತಾನೂ ಆಡಿದವಳು. ಹಾಳೆಯನ್ನು ಎರಡು ಸಲ ಓದಿದಳು. ಅರ್ಥವಾಗದ ಸಾಲನ್ನು ಪಕ್ಕದಲ್ಲಿದ್ದವರಿಂದ ಓದಿಸಿಕೊಂಡಳು.

"ಫಲಿತಾಂಶ ಬದಲಾಗೋದಿಲ್ಲ," ಅಂದಳು.

"ಗೊತ್ತು."

"ಮತ್ತೆ ಯಾಕೆ ಬರೆದೆ?"

"ಆ ಹುಡುಗಿಯ ಹೆಸರಿನ ಮುಂದೆ ಆ ಗೋಲು ಇರಬಾರದು."

ಬ್ಲಾಜೆನಾ ತೈಮಿಯ ಸಹಿಯ ಕೆಳಗೆ ತನ್ನದೊಂದು ಸಹಿ ಹಾಕಿದಳು. "ಇದು ಮೇಲಕ್ಕೆ ಹೋಗುತ್ತೆ. ಓದ್ತಾರೋ ಬಿಡ್ತಾರೋ ನಾನು ಹೇಳಲಾರೆ," ಅಂದಳು. ಸತ್ಯ ಹೇಳಿದಳು. ಅಲ್ಲಿ ಮೇಲೆ ಇಂಥ ಎಷ್ಟು ಹಾಳೆ ಮಲಗಿವೆಯೋ ಯಾರಿಗೆ ಗೊತ್ತು. ತೈಮಿಗೆ ಮನಸ್ಸು ಹಗುರಾಗಲಿಲ್ಲ. ಹಾಳೆಯನ್ನು ಆರು ತಿಂಗಳ ಮೇಲೆ ಯಾರೋ ಓದಿಯಾರು, ಆದರೆ ಮೂರು ಸಾವಿರ ಜನ ಈಗಲೇ ಆ ಅಜ್ಜಿಯ ತಮಾಷೆ ಮಾಡುತ್ತ ಮನೆಗೆ ಹೋಗುತ್ತಿದ್ದಾರೆ.

ಅಂಗಣಕ್ಕೆ ಬಂದಾಗ ಒಸ್ಸಿ ಕಾಯುತ್ತಿದ್ದ. ಅವನ ಮುಖ ಗಂಟುಹಾಕಿಕೊಂಡಿತ್ತು. "ಸೋಮವಾರ ನನ್ನ ಕೋಣೆಗೆ ಬಾ, ಮಾತಾಡೋಣ. ಈಗ ನೀರು. ಎರಡು ಸಲ. ಆರೂವರೆಗೆ ಟಿ.ವಿ. ಶುರು, ಅಷ್ಟರಲ್ಲಿ ಕನ್ನಡಿ ಆಗಿರಬೇಕು."

ತೈಮಿ ಯಂತ್ರದ ಬಳಿಗೆ ನಡೆದಳು. ತೊಟ್ಟಿ ತುಂಬಿಸಿದಳು. ನಾನೂರು ಲೀಟರ್, ಕೈ ಇಟ್ಟರೆ ಸುಡುವಷ್ಟು ಬಿಸಿ. ಕಟ್ಟೆಯ ಅಂಚಿನಿಂದ ಶುರು ಮಾಡಿ ಒಳಕ್ಕೆ, ಒಂದು ಪಟ್ಟಿಯ ಮೇಲೆ ಅಂಗೈಯಗಲ ಇನ್ನೊಂದು ಪಟ್ಟಿ ಬೀಳುವಂತೆ ಸುತ್ತಿದಳು. ಹಿಂದೆ ಹಬೆ ಎದ್ದಿತು. ಕಾದಳು, ಮತ್ತೆ ತುಂಬಿಸಿದಳು, ಮತ್ತೆ ಸುತ್ತಿದಳು. ಆ ಗೀರಿನ ಮೇಲೆ ಬಂದಾಗ ಯಂತ್ರವನ್ನು ಒಂದಿಷ್ಟು ಹೆಚ್ಚೇ ಹೊತ್ತು ನಿಧಾನ ಮಾಡಿದಳು. ಐದೂಕಾಲಿಗೆ ನೆಲ ಕಪ್ಪಗೆ ಹೊಳೆಯುತ್ತ, ಮೇಲಿನ ದೀಪಗಳನ್ನೆಲ್ಲ ತಲೆಕೆಳಗಾಗಿ ಹೊತ್ತು ಮಲಗಿತ್ತು. ಇಡೀ ವಾರದಲ್ಲಿ ಹುಡುಗಿಯರಿಗೆ ಒಂದು ದಿನವೂ ಸಿಗದಂಥ ಐಸ್.

ಯಂತ್ರ ಒಳಗೆ ನಿಲ್ಲಿಸಿ ನೇರ ಬಟ್ಟೆ ಬದಲಿಸುವ ಕೋಣೆಗೆ ಹೋದಳು. ಬಸ್ಸು ಆರು ಗಂಟೆಗೆ. ಉಳಿದವರೆಲ್ಲ ಮಿಂದು, ಚೀಲ ಕಟ್ಟಿ, ಹೊರಗೆ ನಿಂತಿದ್ದರು. ಸೆನ್ಯಾ ಒಬ್ಬಳೇ ಮೂಲೆಯ ಬೆಂಚಿನ ಮೇಲೆ, ಕಾಲಿನ ದಪ್ಪ ಕವಚಗಳನ್ನೂ ಬಿಚ್ಚದೆ, ಮುಖವಾಡ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಹಾಳೆಯಲ್ಲಿ ಏನೋ ಬರೆದೆಯಂತೆ," ಅಂದಳು, ತಲೆ ಎತ್ತದೆ. "ಹಿಲ್ಕತ್ತೆ ಹೇಳಿದ್ರು. ಯಾಕೆ ಬರೆದೆ ಅತ್ತೆ? ಐಸ್‌ನ ಬೈಬಾರದು ಅಂತ ನೀನೇ ತಾನೇ ಹೇಳಿದ್ದು."

"ನಾನು ಐಸ್‌ನ ಬೈದಿಲ್ಲ. ನನ್ನನ್ನ ಬೈದ್ಕೊಂಡಿದೀನಿ."

ಸೆನ್ಯಾ ತಲೆ ಎತ್ತಿದಳು. "ನಾನು ನೀರು ಅಂತ ಕೇಳಿದೆ. ನೀನು ಮುಖ ತಿರುಗಿಸಿದೆ. ಗೋಲು ಹೋಗಿದ್ದಕ್ಕಿಂತ ಅದೇ ಹೆಚ್ಚು ಸಂಕಟ ಆಯ್ತು ನನಗೆ."

"ಗೊತ್ತು ಕಣೇ. ನಾಚಿಕೆಯಾಗ್ತಿದೆ ನನಗೆ." ತೈಮಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು, ಸಡಿಲವಾಗಿದ್ದ ಎಡಗಾಲಿನ ಸ್ಕೇಟಿನ ದಾರವನ್ನು ಕೈಗೆ ತೆಗೆದುಕೊಂಡು ಎಳೆದು ಬಿಗಿದಳು. ಚಿಕ್ಕಂದಿನಲ್ಲಿ ಕೆರೆಯ ದಂಡೆಯಲ್ಲಿ ಬಿಗಿಯುತ್ತಿದ್ದ ಹಾಗೆಯೇ, ಎರಡು ಗಂಟು. "ಏಳು."

"ಎಲ್ಲಿಗೆ?"

"ಬಾ ಅಂದೆ."

ಕವಚ ತೊಟ್ಟು, ಮುಖವಾಡ ಹಾಕಿ, ಸ್ಟಿಕ್ಕು ಹಿಡಿದ ಸೆನ್ಯಾಳ ಹಿಂದೆ ತೈಮಿ, ಕೈಯಲ್ಲಿ ಹಳೆಯದೊಂದು ಸ್ಟಿಕ್ಕು, ಜೇಬಿನಲ್ಲಿ ಬಿಲ್ಲೆಗಳು, ಕಾಲಲ್ಲಿ ಮೊಳೆಯ ಅಡಿಯ ರಬ್ಬರ್ ಬೂಟು. ಸಂಜೆಯ ಪಂದ್ಯಕ್ಕೆ ಜನ ಆಗಲೇ ಬರತೊಡಗಿದ್ದರು. ಟಿ.ವಿ.ಯವರು ಕ್ಯಾಮೆರಾಗಳನ್ನು ಗೋಲಿನ ಕಡೆಗೆ ತಿರುಗಿಸಿ ಸರಿಪಡಿಸುತ್ತಿದ್ದರು, ಅಂಗಣದ ಮೇಲೆ ತೂಗುಹಾಕಿದ್ದ ದೊಡ್ಡ ಪರದೆಯಲ್ಲಿ ಖಾಲಿ ಗೋಲು ಕಾಣುತ್ತಿತ್ತು. ನೀಲಿ ಟೊಪ್ಪಿಯವನೂ ಅದೇ ಜಾಗದಲ್ಲಿ ಇನ್ನೊಂದು ಸಾಸೇಜು ಹಿಡಿದು ಕೂತಿದ್ದ. ತೈಮಿ ಬಾಗಿಲಿನ ಅಗುಳಿ ತೆಗೆದಳು.

ಸೆನ್ಯಾ ಹೊಸ್ತಿಲಲ್ಲೇ ನಿಂತಳು. ಅಷ್ಟು ನುಣುಪಾದ ನೆಲದ ಮೇಲೆ ಒಂದೂ ಗೀರಿರಲಿಲ್ಲ.

"ಇದು ಅವರದು ಅತ್ತೆ."

"ಮಾಡಿದ್ದು ನಾನು. ನಡಿ."

ಅವಳು ಕಾಲಿಟ್ಟಳು. ಮೊದಲ ಗೀರು ಬಿತ್ತು. ನಡುವಿನ ಗೆರೆಯಿಂದ ಗೋಲಿನವರೆಗೆ ಉದ್ದಕ್ಕೂ ಎರಡು ಬಿಳಿಯ ಎಳೆ ಬಿದ್ದವು. ಕಟ್ಟೆಯಾಚೆಯಿಂದ ಒಸ್ಸಿ ಓಡಿ ಬಂದ, ಗಾಜನ್ನು ಎರಡು ಅಂಗೈಯಿಂದ ಬಡಿದ.

"ತೈಮಿ, ಏನು ಮಾಡ್ತಿದೀಯ? ಐಸ್ ಹಾಳಾಗುತ್ತೆ. ಹೊರಗೆ ಕರಿ ಅವಳನ್ನ."

ತೈಮಿ ಕೆಂಪು ಗೆರೆಯ ಮೇಲೆ, ಸ್ವೀಡನ್ನಿನ ಹುಡುಗಿ ನಿಂತಿದ್ದ ಜಾಗದಲ್ಲೇ ನಿಂತು ಬಿಲ್ಲೆ ಕೆಳಗಿಟ್ಟಳು. "ಹುಡುಗಿಯರು ಹಗುರ ಕಣೋ ಒಸ್ಸಿ," ಅಂದಳು, ದನಿ ಏರಿಸದೆ. "ಏನೂ ಆಗಲ್ಲ."

ಪರದೆಯ ಮೇಲೆ ಈಗ ಸೆನ್ಯಾ ಕಾಣುತ್ತಿದ್ದಳು, ಮನೆಯಷ್ಟು ದೊಡ್ಡದಾಗಿ. ಕ್ಯಾಮೆರಾದವನು ಅದನ್ನು ತಿರುಗಿಸಲಿಲ್ಲ. ಜನ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ತೈಮಿ ತೋಳು ಬೀಸಿ ಬಿಲ್ಲೆಯನ್ನು ತಳ್ಳಿದಳು, ಅದೇ ಜಾಗದಿಂದ, ಅದೇ ಬಿರುಸಿನಿಂದ. ಅದು ನೆಲಕ್ಕೆ ಅಂಟಿಕೊಂಡು, ಗೀರಿದ್ದ ಜಾಗ ದಾಟಿ, ಎಲ್ಲೂ ಅಲುಗದೆ ನೆಟ್ಟಗೆ ಬಂತು. ಟಪ್ ಅಂತ ಸೆನ್ಯಾಳ ಸ್ಟಿಕ್ಕಿಗೆ ಬಡಿದು ನಿಂತಿತು. ಎರಡನೆಯದೂ ಹಾಗೆಯೇ ನಿಂತಿತು. ಮೂರನೆಯದಕ್ಕೆ ನೀಲಿ ಟೊಪ್ಪಿಯವನು ಅಗಿಯುವುದನ್ನು ನಿಲ್ಲಿಸಿ ಪರದೆಯನ್ನೂ ಗೋಲನ್ನೂ ಬಾರಿ ಬಾರಿಗೆ ನೋಡಿದ.

ಜೇಬಿನಲ್ಲಿ ಇನ್ನೂ ಬಿಲ್ಲೆಗಳಿದ್ದವು. ತೈಮಿ ಒಂದನ್ನು ತೆಗೆದು ಕೆಳಗಿಡುವಷ್ಟರಲ್ಲಿ ಸೆನ್ಯಾ ಕೈ ಎತ್ತಿ ತಡಿ ಅಂದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಮುಖವಾಡವನ್ನು ಒಂದು ಸಲ ಮೇಲೆತ್ತಿ ಇಳಿಸಿ, ಗೋಲಿನ ಮುಂದಿನ ಆ ನೀಲಿ ಅರ್ಧವೃತ್ತವನ್ನು ಸ್ಕೇಟಿನಿಂದ ಉಜ್ಜತೊಡಗಿದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಯಾವ ಅವಸರವೂ ಇರಲಿಲ್ಲ ಅವಳಿಗೆ. ಕರಿಯ ಕನ್ನಡಿಯ ಮೇಲೆ ಬಿಳಿಯ ಪುಡಿ ಏಳುತ್ತಿತ್ತು, ಅಲಗಿನ ಕರಕರ ಸದ್ದು ಮೇಲಿನ ಸಾಲಿನವರೆಗೂ ಕೇಳುತ್ತಿತ್ತು. ತೈಮಿ ಸ್ಟಿಕ್ಕಿನ ಮೇಲೆ ಭಾರ ಬಿಟ್ಟು ಕಾಯುತ್ತ ನಿಂತಳು.